ಗುಡ್ಡದ ಸಾವಿರದ ಒಂದನೆಯ ಗಿಡ

ಕಣಗಲಾದಿಂದ ಮೂರು ಮೈಲಿ ಒಳಗೆ ಹೋದರೆ ಕರಿಗುಡ್ಡ ಎಂಬ ಒಂದು ಬೋಳುಗುಡ್ಡ ಸಿಗುತ್ತದೆ. ಹೆದ್ದಾರಿಯ ಬಸ್ಸಿನ ಕಿಟಕಿಯಿಂದಲೂ ಅದು ಕಾಣುತ್ತದೆ, ಆದರೆ ಕಂಡವರು ಯಾರೂ ಅದನ್ನು ಎರಡನೇ ಸಲ ನೋಡಿದ್ದಿಲ್ಲ. ಇಂಥ ಗುಡ್ಡವನ್ನು ಇಪ್ಪತ್ತೆರಡು ವರ್ಷ ಕಾದ ಮನುಷ್ಯ ಯಲ್ಲಾರಿ. ಅಲ್ಲಿ ಕಾಯುವಂಥದ್ದು ಏನಿತ್ತು ಎಂದು ನೀವು ಕೇಳಿದರೆ ತಪ್ಪಿಲ್ಲ. ನೂರಾ ಎಂಬತ್ತೇಳು ಗಿಡ ಇದ್ದವು. ಬುಕ್ಕಿನಲ್ಲಿ ಮಾತ್ರ ಸಾವಿರ ಇದ್ದವು.

ಸಾವಿರ ನೆಟ್ಟದ್ದು ಖರೆ. ಎಂಬತ್ತಾರರಲ್ಲಿ ‘ಹಸಿರು ಗುಡ್ಡ ಯೋಜನೆ’ ಎಂದು ಒಂದು ಶುರುವಾಯಿತು. ಮಂತ್ರಿಗಳು ಒಂದು ಸಸಿ ನೆಟ್ಟು ಕೈ ತೊಳೆದುಕೊಂಡರು, ಉಳಿದ ಒಂಬೈನೂರಾ ತೊಂಬತ್ತೊಂಬತ್ತನ್ನು ಯಲ್ಲಾರಿ ನೆಟ್ಟ. ಆಗ ಅವನಿಗೆ ಇಪ್ಪತ್ತಾರು ವರ್ಷ. ದಿನಗೂಲಿಯ ವಾಚಮನ್ ಎಂದು ಹೆಸರು ಹಚ್ಚಿಕೊಂಡಿದ್ದರು. ಆರು ತಿಂಗಳಲ್ಲಿ ಖಾಯಂ ಮಾಡುತ್ತೇವೆ ಎಂದು ಸೂಪರ್‌ವೈಸರ್ ವೀರಪ್ಪ ಮಾತು ಕೊಟ್ಟಿದ್ದ. ಬೇವು, ಹೊಂಗೆ ಸಸಿಗಳಿಗೆ ಯಲ್ಲಾರಿ ಕೆಳಗಿನ ಹಳ್ಳದಿಂದ ಕೊಡ ಹೊತ್ತು ನೀರು ಹಾಕಿದ. ಒಬ್ಬ ಮನುಷ್ಯ, ಎರಡು ಕೊಡ, ಸಾವಿರ ಸಸಿ. ಮುಂದಿನ ಬೇಸಿಗೆಯಲ್ಲಿ ಹಳ್ಳವೇ ಒಣಗಿತು. ನೆರಳಿಲ್ಲದ ಕಲ್ಲಿನ ಮೇಲೆ ಸಸಿಗಳು ಒಂದರ ಹಿಂದೊಂದು ಸುಟ್ಟುಹೋದವು, ಉಳಿದವುಗಳಲ್ಲಿ ಅರ್ಧವನ್ನು ಆಡು ತಿಂದವು. ಎರಡು ವರ್ಷ ಕಳೆಯುವಷ್ಟರಲ್ಲಿ ನೂರಾ ಎಂಬತ್ತೇಳು ನಿಂತವು. ಅವು ಆಮೇಲೆ ಸಾಯಲಿಲ್ಲ, ಯಲ್ಲಾರಿ ಸಾಯಗೊಡಲಿಲ್ಲ.

ಯಲ್ಲಾರಿ ಸುಳ್ಳು ಬಾರದ ಮನುಷ್ಯ. ಅಂಥವರಿಗೆ ಕಚೇರಿಯಲ್ಲಿ ಎಷ್ಟು ಕಷ್ಟ ಎಂಬುದು ಅವನಿಗೆ ಗೊತ್ತಿರಲಿಲ್ಲ. ‘ಸತ್ತವು ಎಂಟನೂರಾ ಹದಿಮೂರು’ ಎಂದು ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು ಹೋಗಿ ವೀರಪ್ಪನ ಮುಂದಿಟ್ಟ. ವೀರಪ್ಪ ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ಓದಿದ.

“ಏನೋ ಇದು? ಸತ್ತಾವ ಅಂತ ಯಾರ ಹೇಳ್ಯಾರ ಬರಿ ಅಂತ?”

“ಸತ್ತಾವಲ್ರಿ ಸಾಹೇಬ್ರ.”

“ಸಾಯಲಿ, ಬ್ಯಾಡಂದವರ್ಯಾರ? ಬರಿಬ್ಯಾಡ. ಸತ್ತಾವ ಅಂತ ಬರದ್ರ ಯಾಕ ಸತ್ತು ಅಂತ ಬರೀಬೇಕು. ಯಾಕ ಅಂತ ಬರದ್ರ ನೀರ ಯಾಕ ಇದ್ದಿಲ್ಲ ಅಂತ ಮ್ಯಾಲಿನವ್ರ ಕೇಳ್ತಾರ. ನೀನು ಖಾಯಂ ಆಗಬೇಕೋ ಬ್ಯಾಡೋ?”

ಆಗಬೇಕಿತ್ತು. ಅಂದೇ ಎಂಟನೂರಾ ಹದಿಮೂರು ಗಿಡಗಳಿಗೆ ಮರುಜನ್ಮ ಬಂತು. ಪ್ರತಿ ಜನವರಿಯಲ್ಲಿ ಯಲ್ಲಾರಿ ಒಂದು ನೂಲಿನ ಹಗ್ಗ ಹಿಡಿದು ಗುಡ್ಡ ಹತ್ತುತ್ತಿದ್ದ. ಹಗ್ಗಕ್ಕೆ ಬೆರಳಿಗೊಂದು ಗಂಟು. ಇದ್ದ ಗಿಡಗಳನ್ನು ಎದೆಯ ಮಟ್ಟಕ್ಕೆ ಸುತ್ತಿ ಗಂಟು ಎಣಿಸಿ, ನೂರಾ ಎಂಬತ್ತೇಳರ ಸುತ್ತಳತೆಯನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಬರೆಯುತ್ತಿದ್ದ. ಇಲ್ಲದವಕ್ಕೆ ಬಾಜೂದ ಗಿಡದ ಅಳತೆಯನ್ನೇ ಬರೆಯುತ್ತಿದ್ದ. ಬರೆಯುವಾಗ ಪ್ರತಿ ಸಲವೂ ಅವನ ಮುಖ ಸಣ್ಣದಾಗುತ್ತಿತ್ತು. ಇರುವ ಗಿಡಗಳಿಗೆ ಹುಳ ಬಿತ್ತು, ಗಾಳಿಗೆ ಟೊಂಗೆ ಮುರಿಯಿತು, ಬರಗಾಲದ ವರ್ಷ ಬೆಳವಣಿಗೆ ನಿಂತಿತು. ಇಲ್ಲದ ಗಿಡಗಳಿಗೆ ಒಂದು ದಿನ ನೆಗಡಿಯೂ ಬರಲಿಲ್ಲ. ಹೀಗಾಗಿ ಮ್ಯಾಲಿನವರು ಬುಕ್ಕು ನೋಡಿದಾಗಲೆಲ್ಲ ಮೆಚ್ಚಿ ತಲೆಯಾಡಿಸುತ್ತಿದ್ದದ್ದು ಸತ್ತ ಗಿಡಗಳನ್ನು ನೋಡಿಯೇ.

ಖಾಯಂ ಮಾಡುವ ಫೈಲು ಮಾತ್ರ ಕ್ಲಾರ್ಕ್ ಲಕ್ಷ್ಮಣನ ಕಪಾಟಿನಲ್ಲಿ ಹಾಯಾಗಿ ಮಲಗಿತ್ತು. ವರ್ಷಕ್ಕೆರಡು ಸಲ ಯಲ್ಲಾರಿ ಹೋಗಿ ವಿಚಾರಿಸುತ್ತಿದ್ದ. “ಮ್ಯಾಲ ಹೋಗೈತಿ,” ಎನ್ನುತ್ತಿದ್ದ ಲಕ್ಷ್ಮಣ, ಕಪಾಟಿಗೆ ಬೆನ್ನು ಹಚ್ಚಿ ಕೂತುಕೊಂಡೇ. ಯಲ್ಲಾರಿಯ ಹೆಂಡತಿ ಸಾತವ್ವ, ಗಂಡ ಖಾಯಂ ಆಗಲೆಂದು, ಪ್ರತಿ ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಮಗಳ ಲಗ್ನದ ಮಾತುಕತೆಯಲ್ಲಿ ಬೀಗರು, “ನಿಮ್ಮವರ ನೌಕರಿ ಖಾಯಂ ಏನ್ರಿ?” ಎಂದು ಕೇಳಿದಾಗ ಅವಳು, “ಇಷ್ಟರಾಗ ಆಗತೈತ್ರಿ,” ಎಂದಿದ್ದಳು. ಆ ಮಗಳಿಗೀಗ ಎರಡು ಮಕ್ಕಳು.

ಎರಡು ಸಾವಿರದ ಏಳರ ಕೊನೆಗೆ ದೊಡ್ಡ ಕಚೇರಿಯಿಂದ ಕಾಗದ ಬಂತು. ಯೋಜನೆಗೆ ಹಣ ಕೊಟ್ಟ ಪರದೇಶದವರಿಗೆ ಇದ್ದಕ್ಕಿದ್ದಂತೆ ತಮ್ಮ ಗಿಡಗಳ ನೆನಪಾಗಿತ್ತು. ಹಗ್ಗದ ಅಳತೆ ಅವರಿಗೆ ನಡೆಯುವುದಿಲ್ಲವಂತೆ. ಲೇಸರ್ ಯಂತ್ರ ಬರುತ್ತದೆ, ಮೂರು ಕಾಲಿನ ಮೇಲೆ ನಿಂತು ಸುತ್ತ ಬೆಳಕು ಎಸೆಯುತ್ತದೆ, ಬೆಳಕು ಗಿಡಕ್ಕೆ ಬಡಿದು ತಿರುಗಿ ಬರುತ್ತದೆ, ಬಂದ ಹೊತ್ತಿನ ಲೆಕ್ಕದಿಂದ ಎಷ್ಟು ಗಿಡ, ಎಷ್ಟು ದಪ್ಪ, ಎಷ್ಟು ಎತ್ತರ ಎಲ್ಲವನ್ನೂ ಕಂಪ್ಯೂಟರ್ ಹೇಳುತ್ತದೆ ಎಂದು ಕಾಗದದಲ್ಲಿತ್ತು. ಓದಿ ಮುಗಿಸಿದ ವೀರಪ್ಪ ಯಲ್ಲಾರಿಯನ್ನು ಕರೆಸಿದ.

“ಸಾಹೇಬ್ರ, ಖರೆ ಹೇಳಿಬಿಡೂನ್ರಿ,” ಎಂದ ಯಲ್ಲಾರಿ. ಅವನಿಗೆ ಒಳಗೊಳಗೇ ಹಗುರವಾಗಿತ್ತು.

“ಖರೆ ಹೇಳಿದ್ರ ನಿನ್ನ ಫೈಲ್ ಒಲಿಗೆ ಹೋಗತೈತಿ. ಸುಳ್ಳ ಲೆಕ್ಕ ಬರದಾವ ನೀನ. ಅಕ್ಷರ ಯಾರವ ಬುಕ್ಕದಾಗ?”

ಅಕ್ಷರ ಯಲ್ಲಾರಿಯದೇ. “ಇದೊಂದ ದಾಟಸು,” ಎಂದ ವೀರಪ್ಪ, “ಯುಗಾದಿಯೊಳಗ ನೀ ಖಾಯಂ. ನನ್ನ ಮಕ್ಕಳ ಆಣಿ.”

ವೀರಪ್ಪನ ತಲೆ ಇಂಥ ಹೊತ್ತಿನಲ್ಲೇ ಓಡುವುದು. ಮೂಡಲಗಿಯ ಹತ್ತಿರದ ಕಲ್ಲೋಳಿಯಲ್ಲಿ ಧನ್ಯಕುಮಾರ ಎಂಬ ವ್ಯಾಪಾರಿ ಇದ್ದ. ಲಗ್ನದ ಹಂದರದ ಸಾಮಾನು ಬಾಡಿಗೆ ಕೊಡುವುದು ಅವನ ಧಂದೆ. ಅದು ಶೂನ್ಯಮಾಸ, ಎಲ್ಲೂ ಲಗ್ನವಿಲ್ಲ, ಅವನ ಕಂಬಗಳೆಲ್ಲ ಗೋದಾಮಿನಲ್ಲಿ ಒರಗಿ ನಿಂತಿದ್ದವು. ಎಂಟನೂರಾ ಹದಿಮೂರು ಕಂಬ ಹದಿನೈದು ದಿನಕ್ಕೆ ಬೇಕೆಂದು ವೀರಪ್ಪ ಕೇಳಿದಾಗ ಧನ್ಯಕುಮಾರ ಹಾರಿಬಿದ್ದ.

“ಅಬಬಾ! ಯಾರದ್ರಿ ಲಗ್ನಾ, ಶೂನ್ಯಮಾಸದಾಗ?”

“ನಿನಗ್ಯಾಕ ಬೇಕದು? ಪಾವತಿ ಹರಿ.”

ಧನ್ಯಕುಮಾರನ ಪಾವತಿ ಪುಸ್ತಕದಲ್ಲಿ, ಪ್ರತಿ ರಶೀದಿಯ ಮೇಲೂ, ವರನ ಹೆಸರು, ವಧುವಿನ ಹೆಸರು ಎಂದು ಅಚ್ಚಾಗಿರುತ್ತದೆ. ಖಾಲಿ ಬಿಟ್ಟು ಪಾವತಿ ಹರಿಯುವುದು ಅಪಶಕುನ ಎಂದು ಅವನು ಹಟ ಹಿಡಿದ. ತನ್ನ ಹೆಸರು ಕಾಗದದಲ್ಲಿ ಬೀಳುವುದು ವೀರಪ್ಪನಿಗೆ ಯಾವ ಕಾಲಕ್ಕೂ ಸೇರದು. “ವರ ಯಲ್ಲಾರಿ, ವಧು ಸಾತವ್ವ. ಬರ್ಕೊ,” ಎಂದ.

ಕಂಬಗಳ ಹಿಂದೆಯೇ ಧನ್ಯಕುಮಾರನ ಆಳುಗಳೂ ಬಂದರು. ಅವರು ಹುಟ್ಟಿದಾಗಿನಿಂದ ಹಂದರ ಹಾಕಿದವರು. ಕಾಡು ಮಾಡಿ ಎಂದರೆ ಅವರಿಗೆ ತಿಳಿಯುವುದಾದರೂ ಹೇಗೆ? ಮೊದಲು, ಹಂದರಗಂಬದ ಪೂಜೆಯಾಗದೆ ಕಂಬ ಎತ್ತುವುದಿಲ್ಲ ಎಂದು ಕೂತುಬಿಟ್ಟರು. ಕಡೆಗೆ ಸಾತವ್ವನನ್ನೂ ಓಣಿಯ ನಾಲ್ಕು ಮಂದಿ ಮುತ್ತೈದೆಯರನ್ನೂ ಗುಡ್ಡ ಹತ್ತಿಸಿ, ಮೊದಲ ಕಂಬಕ್ಕೆ ಅರಿಷಿಣ ಹಚ್ಚಿಸಿ, ಮಾವಿನ ತೊಪ್ಪಲು ಕಟ್ಟಿಸಿ, ಸೋಬಾನೆ ಹಾಡಿಸಬೇಕಾಯಿತು. “ಯಾರಿಗಿ ಹಾಡಬೇಕ್ರಿ?” ಎಂದು ಕೇಳಿದ ಸಾತವ್ವನಿಗೆ ವೀರಪ್ಪ, “ಸರಕಾರಕ್ಕ ಹಾಡ್ರವಾ,” ಎಂದ. ಆಮೇಲೆ ಆಳುಗಳು ಹಗ್ಗ ಹಿಡಿದು, ಎಂಟು ಅಡಿಗೊಂದರಂತೆ, ಗೆರೆ ಹೊಡೆದ ಹಾಗೆ ಸಾಲು ಕಂಬ ನೆಟ್ಟರು. ಊಟದ ಪಂಕ್ತಿಗೆ ದಾರಿ ಬಿಟ್ಟರು. ಅಕ್ಕಿಕಾಳು ಬೀಳುವ ಹೊತ್ತಿಗೆ ಮಂದಿ ನಿಲ್ಲಲು ಗುಡ್ಡದ ನಡುವೆ ಚೌಕಾಗಿ ಬಯಲನ್ನೂ ಬಿಟ್ಟರು. ಅವರದೇನೂ ತಪ್ಪಿಲ್ಲ. ಬರುವ ಕೈಕೆಲಸವನ್ನು ಅವರು ನಿಯತ್ತಿನಿಂದ ಮಾಡಿದರು. ಗುಡ್ಡದಲ್ಲಿ ಆ ದಿನ ಹಾಗೆ ಮಾಡಿದವರು ಅವರಷ್ಟೇ.

ಜನವರಿಯ ಎರಡನೇ ವಾರ ಯಂತ್ರ ಬಂತು. ತಂದವಳು ಪುಣೆಯ ಕಂಪನಿಯ ಹುಡುಗಿ, ಶ್ರದ್ಧಾ. ಅಜ್ಜಿಯ ಊರು ನಿಪ್ಪಾಣಿಯ ಕಡೆ ಇದ್ದುದರಿಂದ ಕನ್ನಡ ಬರುತ್ತಿತ್ತು. ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸುವ ಮೊದಲು ಅವಳು ಕಂಬಗಳ ನಡುವೆ ಒಂದು ಸುತ್ತು ಹಾಕಿ ಬಂದಳು.

“ಈ ಗಿಡಕ್ಕ ಎಲಿ ಯಾಕಿಲ್ಲ?”

“ಚಳಿಗಾಲ ಅಲ್ರಿ ಮೇಡಮ್ಮಾರ, ಉದುರ್ಯಾವು,” ಎಂದ ವೀರಪ್ಪ.

“ಟೊಂಗಿ?”

“ಅವೂ ಉದುರ್ಯಾವು.”

ಶ್ರದ್ಧಾ ಯಲ್ಲಾರಿಯ ಕಡೆ ನೋಡಿದಳು. ಅವನು ನೆಲ ನೋಡಿದ. ವೀರಪ್ಪ ಫೋನಿಗೆ ಸಿಗ್ನಲ್ ಹುಡುಕುತ್ತ ಅತ್ತ ಹೋದದ್ದೇ ತಡ, ಯಲ್ಲಾರಿ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಮೇಡಮ್ಮಾರ, ಅವು ಹಂದರದ ಕಂಬರಿ. ಖರೆ ಗಿಡಾ ಅಕಾ ಅಲ್ಲಿ ಅದಾವು, ನೂರಾ ಎಂಬತ್ತೇಳು. ನಾನ ಬೆಳಸಿದ್ದು,” ಎಂದುಬಿಟ್ಟ.

“ಕಂಬಾ ಅಂತ ನನಗೂ ಗೊತ್ತಾತು ಕಾಕಾ. ಒಂದಕ್ಕ ಅರಿಷಿಣ ಬ್ಯಾರೆ ಹಚ್ಚೀರಿ.” ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. “ಆದ್ರ ನನಗ ಹೇಳಿ ಉಪಯೋಗ ಇಲ್ಲ. ನೆಟ್ಟಗ ನಿಂತದ್ದು, ಗುಂಡಗ ಇದ್ದದ್ದು, ಎದಿಮಟ್ಟಕ್ಕಿಂತ ಎತ್ತರ ಇದ್ದದ್ದು ಎಷ್ಟು ಅಂತ ಎಣಿಸಿ ಕೊಡೂದು ನಮ್ಮ ಕೆಲಸ. ಅದಕ್ಕ ಜೀವ ಐತೋ ಇಲ್ಲೋ ಅನ್ನೂದು ನಮ್ಮ ಕರಾರಿನ್ಯಾಗ ಇಲ್ಲ.”

ಯಂತ್ರ ತಿರುಗುವಾಗ ಯಾರೂ ಅಲುಗಾಡಬಾರದು ಎಂದು ಅವಳು ಕೂಗಿ ಹೇಳಿದಳು. ಉಳಿದವರು ದೂರ ಹೋಗಿ ಬಂಡೆಯ ಮರೆಗೆ ಕೂತರು. ಯಲ್ಲಾರಿ ಹೇಳಿದ ಮಾತನ್ನು ಹೇಳಿದ ಹಾಗೆಯೇ ಕೇಳುವವನು. ತನ್ನ ಬೇವಿನ ಗಿಡಗಳ ಪಕ್ಕ ಎಲ್ಲಿ ನಿಂತಿದ್ದನೋ ಅಲ್ಲೇ ಕೈ ಜೋಡಿಸಿ, ರೆಪ್ಪೆಯನ್ನೂ ಬಡಿಯದೆ ನಿಂತುಬಿಟ್ಟ. ಸಂಜೆ ಕಂಪ್ಯೂಟರಿನಲ್ಲಿ ಇಡೀ ಗುಡ್ಡ ಚುಕ್ಕಿ ಇಟ್ಟ ರಂಗೋಲಿಯ ಹಾಗೆ ಮೂಡಿತು. ಅದರಲ್ಲಿ ತನ್ನ ಬೇವಿನ ಗಿಡಗಳನ್ನು ಟೊಂಗೆಯ ಗುರುತಿನಿಂದಲೇ ಹೆಸರು ಹಿಡಿದು ಹೇಳಿದ ಯಲ್ಲಾರಿಗೆ ಖುಷಿಯೋ ಖುಷಿ. ಇಷ್ಟು ಚೆಂದಾಗಿ ತನ್ನ ಗಿಡಗಳನ್ನು ಆವರೆಗೆ ಯಾರೂ ನೋಡಿರಲಿಲ್ಲ.

ತಿಂಗಳಿಗೆ ವರದಿ ಬಂತು. ಒಟ್ಟು ಗಿಡ: ಸಾವಿರದ ಒಂದು.

ಕಚೇರಿಯಲ್ಲಿ ಹಾಹಾಕಾರವೆದ್ದಿತು. ಎಂಟನೂರಾ ಹದಿಮೂರು ಗಿಡ ಇಲ್ಲದೆ ಇಪ್ಪತ್ತು ವರ್ಷ ನೆಮ್ಮದಿಯಿಂದ ಉಂಡು ಮಲಗಿದವರಿಗೆ, ಒಂದು ಗಿಡ ಹೆಚ್ಚಾದದ್ದಕ್ಕೆ ನಿದ್ದೆ ಹಾರಿಹೋಯಿತು. ಪರವಾನಗಿ ಇಲ್ಲದೆ ಬೆಳೆದದ್ದು ಯಾವ ಗಿಡ? ಹುಡುಕಿದರೆ, ಬೇವಿನ ಸಾಲಿನ ತುದಿಯಲ್ಲಿ ಐದು ಅಡಿ ನಾಲ್ಕು ಇಂಚು ಎತ್ತರ, ಟೊಂಗೆ ಇಲ್ಲ, ‘ಬೆಳವಣಿಗೆ ಕುಂಠಿತ’ ಎಂಬ ಷರಾ. ಅದು ಯಲ್ಲಾರಿ. ಕೈ ಜೋಡಿಸಿ ನಿಂತವನನ್ನು ಯಂತ್ರ ಗುಂಡಗೆ, ನೆಟ್ಟಗೆ ಕಂಡು ಎಣಿಸಿಕೊಂಡಿತ್ತು. ತಿದ್ದಲು ಬರೆದರೆ ಮಿಕ್ಕ ಸಾವಿರವನ್ನೂ ಕೆದಕುತ್ತಾರೆ ಎಂಬ ಹೆದರಿಕೆಯಿಂದ, ‘ಬೀಜ ಬಿದ್ದು ತಾನಾಗಿ ಹುಟ್ಟಿದ್ದು’ ಎಂದು ಬರೆದು ಸಾವಿರದ ಒಂದನೆಯ ನಂಬರು ಕೊಟ್ಟರು. ಹೀಗೆ ಇಪ್ಪತ್ತೆರಡು ವರ್ಷ ನೌಕರರ ಪುಸ್ತಕದಲ್ಲಿ ಜಾಗ ಸಿಗದವನಿಗೆ ಒಂದೇ ದಿನದಲ್ಲಿ ಗಿಡಗಳ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಶೂನ್ಯಮಾಸ ಕಳೆದು ಲಗ್ನಗಳು ಶುರುವಾಗಿದ್ದವು. ಕಂಬಗಳು ಎಂದೋ ಕಲ್ಲೋಳಿ ಸೇರಿದ್ದವು. ಎಲ್ಲ ಮುಗಿಯಿತು ಎಂದು ವೀರಪ್ಪ ಉಸಿರು ಬಿಡುವುದರೊಳಗೆ ದೊಡ್ಡ ಕಚೇರಿಯಿಂದ ಇನ್ನೊಂದು ಕಾಗದ ಬಂತು. ವರದಿ ಓದಿದವರಿಗೆ ಈ ಗಿಡಗಳ ಮೇಲೆ ಬಹಳ ಪ್ರೀತಿ ಹುಟ್ಟಿತ್ತಂತೆ. ನೆಟ್ಟಗಿವೆ, ತೆಳ್ಳಗಿವೆ, ಹೆಚ್ಚುಕಡಿಮೆ ಎಲ್ಲವೂ ಒಂದೇ ಅಳತೆಗಿವೆ. ಕಾಗದದ ಕಾರಖಾನೆಯವರು ಹೇಳಿ ಮಾಡಿಸಿದಂತಿವೆ. ಆದ್ದರಿಂದ ಹರಾಜು ಹಾಕಿ ಕಡಿಯತಕ್ಕದ್ದು.

ಏಪ್ರಿಲ್‌ನಲ್ಲಿ ಗುತ್ತಿಗೆದಾರ ನಾಲ್ಕು ಲಾರಿ, ಅರವತ್ತು ಆಳು ಕಟ್ಟಿಕೊಂಡು ಬಂದ. ಗುಡ್ಡ ಹತ್ತಿ ನೋಡಿದ, ಇಳಿದು ವರದಿ ನೋಡಿದ, ಮತ್ತೆ ಹತ್ತಿದ. ನೂರಾ ಎಂಬತ್ತೇಳು ಡೊಂಕು ಗಿಡಗಳಿಗೆ ಕೊಡಲಿ ಹಚ್ಚುವುದಿಲ್ಲ, ಸಾವಿರದ ಒಂದನ್ನೂ ತೋರಿಸಿ ಎಂದು ಅರ್ಜಿ ಹಾಕಿದ. ಜನವರಿಯಲ್ಲಿ ಯಂತ್ರಕ್ಕೆ ಕಂಡ ಗಿಡ ಏಪ್ರಿಲ್‌ನಲ್ಲಿ ಮನುಷ್ಯರಿಗೆ ಕಾಣುವುದಿಲ್ಲ ಎಂದರೆ ಅರ್ಥ ಒಂದೇ. ಕಳುವಾಗಿವೆ. ಕಾಯುತ್ತಿದ್ದವನು ಯಾರು?

ಬೆಳಗಾವಿಯಿಂದ ತನಿಖೆಗೆ ಒಬ್ಬ ಸಾಹೇಬರು ಬಂದರು. ಯಲ್ಲಾರಿ ಈ ಸಲ ಯಾರನ್ನೂ ಕೇಳದೆ ಎಲ್ಲ ಹೇಳಿದ. ಹಳ್ಳ ಒಣಗಿದ್ದು, ಆಡು ತಿಂದದ್ದು, ಬುಕ್ಕು, ಕಂಬ, ಸೋಬಾನೆ, ಒಂದನ್ನೂ ಬಿಡಲಿಲ್ಲ.

“ಯಂತ್ರ ಸುಳ್ಳ ಹೇಳಿತು ಅಂತೀಯೇನು?”

“ಇಲ್ರಿ. ಅದು ಖರೇನ ಹೇಳೇತ್ರಿ. ಸುಳ್ಳ ನಾವ ನಿಂದರಿಸಿದ್ವಿ.”

ಧನ್ಯಕುಮಾರನ ಪಾವತಿ ಪುಸ್ತಕ ತರಿಸಿದರು. ವರ ಯಲ್ಲಾರಿ, ವಧು ಸಾತವ್ವ, ಕಂಬ ಎಂಟನೂರಾ ಹದಿಮೂರು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. “ಮೊಮ್ಮಕ್ಕಳ ಆದಮ್ಯಾಲ, ಅದೂ ಶೂನ್ಯಮಾಸದಾಗ, ಇದ್ದ ಹೇಣ್ತೀನ್ನ ಮತ್ತ ಮದಿವಿ ಆಗಿಯೇನು?” ವೀರಪ್ಪನಿಗೆ ಆ ಕಂಬಗಳ ಸುದ್ದಿಯೇ ಗೊತ್ತಿರಲಿಲ್ಲವಂತೆ. ಪುಣೆಯ ಕಂಪನಿ ತನ್ನ ಕರಾರಿನ ಪ್ರತಿಯನ್ನು ಕಳಿಸಿ ಸುಮ್ಮನಾಯಿತು. ಕಳುವಾದ ಗಿಡಗಳ ಯಾದಿ ತಯಾರಾಯಿತು. ಒಟ್ಟು ಎಂಟನೂರಾ ಹದಿನಾಲ್ಕು. ಹದಿನಾಲ್ಕನೆಯದು, ಐದು ಅಡಿ ನಾಲ್ಕು ಇಂಚಿನದು, ಯಾದಿ ಓದುವುದನ್ನು ಕೇಳುತ್ತ ಮೇಜಿನ ಮುಂದೆಯೇ ನಿಂತಿತ್ತು.

ಆಗ ಒಂದು ತೊಡಕು ಎದ್ದಿತು. ದಿನಗೂಲಿಯವನ ಮೇಲೆ ಇಷ್ಟು ದೊಡ್ಡ ಕಳುವಿನ ಹೊಣೆ ಹೊರಿಸಲು ನಿಯಮದಲ್ಲಿ ಬರುವುದಿಲ್ಲ. ಹೊಣೆ ಖಾಯಂ ನೌಕರನ ಮೇಲೆಯೇ ಬೀಳಬೇಕು. ಗುಡ್ಡಕ್ಕೆ ಸಂಬಂಧಪಟ್ಟ ಖಾಯಂ ನೌಕರ ಎಂದರೆ ವೀರಪ್ಪ, ಅವನ ಮೇಲೆ ದೊಡ್ಡ ಸಾಹೇಬರು. ಇಬ್ಬರೂ ಒಂದು ಇಡೀ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತರು. ಸಂಜೆ ಲಕ್ಷ್ಮಣನ ಕಪಾಟು ತೆರೆಯಿತು. ಇಪ್ಪತ್ತು ವರ್ಷ ‘ಮ್ಯಾಲ ಹೋಗಿದ್ದ’ ಫೈಲು ಧೂಳು ಕೊಡವಿಕೊಂಡು ಕೆಳಗಿನ ಖಾನೆಯಿಂದ ಎದ್ದು ಬಂತು. ಮೂರೇ ದಿನದಲ್ಲಿ ಎಂಟು ಸಹಿ ಬಿದ್ದವು.

ಯಲ್ಲಾರಿಯನ್ನು ಕರೆಸಿದರು. ಕೂಡಲು ಖುರ್ಚಿ ಕೊಟ್ಟರು. ಅವನು ಖುರ್ಚಿಯ ತುದಿಗೆ ಕೂತ. ಲಕ್ಷ್ಮಣ ಎರಡು ಕಾಗದ ಮುಂದಿಟ್ಟ.

“ಇದು ನೀ ಖಾಯಂ ಆದ ಆರ್ಡರು, ಜನವರಿ ಒಂದನೇ ತಾರೀಖಿನಿಂದ. ಇದು ಸಸ್ಪೆಂಡ್ ಆದ ಆರ್ಡರು, ಗಿಡಾ ಕದ್ದದ್ದಕ್ಕ. ಮೊದಲ ಇದಕ್ಕ ಸಹಿ, ಆಮ್ಯಾಲ ಅದಕ್ಕ.”

ಯಲ್ಲಾರಿ ಮೊದಲ ಕಾಗದವನ್ನು ಕೈಗೆ ತೆಗೆದುಕೊಂಡ. ತನ್ನ ಹೆಸರು, ತಂದೆಯ ಹೆಸರು, ಕೆಳಗೆ ಸೀಲು. ಅಕ್ಷರದ ಮೇಲೆ ಬೆರಳಾಡಿಸಿದ. ಸಾತವ್ವನ ಸೋಮವಾರಗಳೆಲ್ಲ ನೆನಪಾದವು. ಕಣ್ಣಿಗೆ ನೀರು ಬಂತು, ನಾಚಿಕೆಯಿಲ್ಲದೆ ಅತ್ತ.

“ಇದಕ್ಕ ಸಹಿ ಮಾಡಲಿಲ್ಲಂದ್ರ?” ಎಂದು ಕೇಳಿದ.

“ಮಾಡಲಿಲ್ಲಂದ್ರ ಎರಡನೇದೂ ನಿನಗ ಹತ್ತೂದಿಲ್ಲ.” ಬಾಯಿಂದ ಬಿದ್ದ ಮೇಲೆ ಲಕ್ಷ್ಮಣ ನಾಲಿಗೆ ಕಚ್ಚಿಕೊಂಡ.

ಯಲ್ಲಾರಿ ಕಾಗದವನ್ನು ಸೀಲು ಮಡಚದ ಹಾಗೆ ಜೋಪಾನವಾಗಿ ಮೇಜಿನ ಮೇಲಿಟ್ಟ, ಪೆನ್ನಿನ ಟೊಪ್ಪಿಗೆ ಹಾಕಿದ, ಎದ್ದು ಮನೆಗೆ ನಡೆದ.

ಮರುದಿನವೇ ಕಚೇರಿ ಅವನ ಮನೆಗೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಆ ಓಣಿ ಯಾವ ದಿಕ್ಕಿಗಿದೆ ಎಂದು ಕೇಳದ ವೀರಪ್ಪ, ಗೋಕಾಕದ ಕರದಂಟಿನ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತ. “ಖಾಯಂ ಆಗೋ ಯಲ್ಲಾರಿ,” ಎಂದು ಅಂಗಲಾಚಿದ. “ನಿನ್ನ ಕಾಲ ಹಿಡಿತೇನಿ. ಆರ ತಿಂಗಳ ಮನ್ಯಾಗ ಕುಂಡ್ರು, ಅರ್ಧಾ ಪಗಾರ ಬರತೈತಿ. ಆಮ್ಯಾಲ ಎಲ್ಲಾ ಸರಿಮಾಡ್ತೀನಿ.”

“ಸಾಹೇಬ್ರ, ನಿಮ್ಮ ಸಲುವಾಗಿ ಸತ್ತ ಗಿಡಾ ಜೀವಂತ ಅದಾವ ಅಂತ ಬರಕೊಂತ ಬಂದೆ. ಈಗ ಕದೀದ ಗಿಡಾ ಕದ್ದೇನಿ ಅಂತ ಬರದ ಕೊಡು ಅಂತೀರಿ. ನನ್ನ ಕೈಲೆ ಆಗೂದಿಲ್ರಿ.”

ವೀರಪ್ಪ ಸಾತವ್ವನ ಕಡೆ ತಿರುಗಿದ. “ನೀವರ ಹೇಳ್ರವಾ. ಖಾಯಂ ಆಗ್ಲಿ ಅಂತ ದೇವರಿಗಿ ಬೇಡಕೊಂಡವ್ರ ನೀವು.”

ಸಾತವ್ವ ಬಾಗಿಲಲ್ಲಿ ನಿಂತಿದ್ದಳು. ರಾತ್ರಿಯೆಲ್ಲ ಗಂಡನೊಂದಿಗೆ ಮಾತು ಬಿಟ್ಟಿದ್ದಳು, ಅವಳ ಕಣ್ಣೂ ಕೆಂಪಾಗಿತ್ತು.

“ಬೇಡಕೊಂಡಿದ್ದು ಖರೇರಿ,” ಎಂದಳು. “ಖಾಯಂ ನೌಕರ ಆಗ್ಲಿ ಅಂತ ಬೇಡಕೊಂಡಿದ್ದೆ. ಖಾಯಂ ಕಳ್ಳ ಆಗ್ಲಿ ಅಂತಲ್ಲ. ಡಬ್ಬಿ ತಗೊಂಡ ಹೋಗ್ರಿ.”

ಮರುವಾರ ಹಾಜರಿ ಪಟ್ಟಿಯಿಂದ ಯಲ್ಲಾರಿಯ ಹೆಸರು ಹೊಡೆದರು. ಈಗ ಅವನು ಕೊಣ್ಣೂರಿನ ಹತ್ತಿರ ಬೇರೆಯವರ ಕಬ್ಬಿನ ಹೊಲ ಕಾಯುತ್ತಾನೆ. ಕಚೇರಿ ಬಿಟ್ಟದ್ದಕ್ಕೆ ಬೇಸರವಿಲ್ಲ, ಗಿಡಗಳ ನೆನಪು ಬಹಳ ಕಾಡುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ. ತನಿಖೆ ಇನ್ನೂ ನಡೆದಿದೆ. ಅದು ಮುಗಿಯುವವರೆಗೆ ಕರಿಗುಡ್ಡದ ಒಂದು ಟೊಂಗೆಯನ್ನೂ ಯಾರೂ ಕಡಿಯುವಂತಿಲ್ಲ ಎಂದು ಆದೇಶವಿದೆ. ತನಿಖೆ ಮುಗಿಯಬೇಕಾದರೆ ಯಲ್ಲಾರಿ ಖಾಯಂ ಆಗಬೇಕು. ಮೂರು ತಿಂಗಳಿಗೊಮ್ಮೆ ಲಕ್ಷ್ಮಣ ಅದೇ ಎರಡು ಕಾಗದ ಹಿಡಿದು ಕೊಣ್ಣೂರಿನ ಬಸ್ಸು ಹತ್ತುತ್ತಾನೆ. ಯಲ್ಲಾರಿ ಅವನಿಗೆ ಕಬ್ಬು ಮುರಿದು ಕೊಡುತ್ತಾನೆ, ಊಟ ಹಾಕುತ್ತಾನೆ, ಸಹಿ ಮಾತ್ರ ಹಾಕುವುದಿಲ್ಲ. ನೂರಾ ಎಂಬತ್ತೇಳು ಗಿಡಗಳನ್ನು ಈಗ ಅವನು ಕಾಯುತ್ತಿರುವುದು ಹೀಗೆ.